ಕಡಲ ಜೇಡ ಗುರುತಿಸುವುದು ಹೇಗೆ: ಕಾಲು ಎಣಿಸುವ ಮುನ್ನ ಮೂತಿ ನೋಡಿ

ಕಡಲ ಜೇಡವನ್ನು ಮೊದಲ ಸಲ ನೋಡಿದವರು ಕೇಳುವ ಪ್ರಶ್ನೆ ಒಂದೇ: "ಇದರ ಮೈ ಎಲ್ಲಿದೆ?" ಎಂಟು ಕಾಲು ಕಾಣುತ್ತವೆ. ಅವೆಲ್ಲ ಸೇರುವ ಕಡೆ ಸಣ್ಣ ಕಡ್ಡಿಯಂಥದ್ದು ಕಾಣುತ್ತದೆ. ಅಷ್ಟೇ. ಆ ಕಡ್ಡಿಯೇ ಮೈ. ಅದರಲ್ಲಿ ಜಾಗ ಸಾಲದೆ ಕರುಳಿನ ಕವಲುಗಳು ಕಾಲುಗಳೊಳಗೆ ಇಳಿದಿವೆ. ಹೆಣ್ಣಿನ ಮೊಟ್ಟೆ ಬಲಿಯುವುದೂ ಕಾಲಿನಲ್ಲೇ. ಕಿವಿರಿಲ್ಲ, ಶ್ವಾಸಕೋಶವಿಲ್ಲ. ಹೊರಕವಚದ ಮೂಲಕವೇ ಆಮ್ಲಜನಕ ಒಳಗೆ ಹೋಗುತ್ತದೆ.

ಇಂಥ 1300ಕ್ಕೂ ಹೆಚ್ಚು ಪ್ರಭೇದಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಎಲ್ಲವೂ ಉಪ್ಪುನೀರಿನವೇ. ದಡದ ಬಂಡೆಗಳಿಂದ ಹಿಡಿದು ಸಾವಿರಾರು ಮೀಟರ್ ಆಳದವರೆಗೆ ಸಿಗುತ್ತವೆ. ಕೆಲವು ಕಾಲು ಪೂರ್ತಿ ಚಾಚಿದರೂ ಕೆಲವೇ ಮಿಲಿಮೀಟರ್. ಆಳದಲ್ಲಿರುವ ಕೊಲೊಸೆಂಡೀಸ್ ಕೊಲೊಸಿಯಾ ಕಾಲು ಚಾಚಿದರೆ ಸುಮಾರು 70 ಸೆಂಟಿಮೀಟರ್. ಹೆಸರಲ್ಲಿ ಜೇಡ ಅಂತಿದ್ದರೂ ಇವು ನಿಜವಾದ ಜೇಡಗಳಲ್ಲ. ಜೇಡ, ಚೇಳುಗಳ ದೊಡ್ಡ ಬಳಗದಲ್ಲಿ ಬಹಳ ಹಿಂದೆಯೇ ಬೇರೆ ದಾರಿ ಹಿಡಿದ ದೂರದ ನೆಂಟರು.

ಎಲ್ಲರೂ ಮೊದಲು ಕಾಲು ಎಣಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಅದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ, ಯಾಕೆಂದರೆ ಹೆಚ್ಚುಕಮ್ಮಿ ಎಲ್ಲಕ್ಕೂ ಎಂಟೇ. ಕುಟುಂಬ ಯಾವುದು, ಕುಲ ಯಾವುದು ಅನ್ನುವುದನ್ನು ಹೇಳುವುದು ಬಾಯಿಯ ಸುತ್ತ ಇರುವ ಮೂರು ಜೋಡಿ ಪುಟ್ಟ ಅಂಗಗಳು. ಅವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ನೋಡುವುದೇ ಇಡೀ ಕೆಲಸ. "ಇದೆ" ಅನ್ನುವುದು ಸುಲಭ. "ಇಲ್ಲ" ಅನ್ನುವುದರಲ್ಲೇ ಜನ ಎಡವುತ್ತಾರೆ. ಅಂಗ ಮುರಿದು ಹೋಗಿರಬಹುದು. ಮರಿಯಲ್ಲಿ ಇನ್ನೂ ಬೆಳೆದಿರದೆ ಇರಬಹುದು. ಹೆಣ್ಣಾದ್ದರಿಂದಲೇ ಇಲ್ಲದಿರಬಹುದು. ಇಲ್ಲವೇ ಬಾಯಿಯ ಕೊಳವೆಯಾದ ಸೊಂಡಿಲಿನ ಕೆಳಗೆ ಮಡಚಿಕೊಂಡು ಕೂತಿರಬಹುದು.

ಮೊದಲು, ಅದು ಕಡಲ ಜೇಡವೇ ಹೌದಾ?

ಎಲ್ಲಕ್ಕಿಂತ ಜಾಸ್ತಿ ಗೊಂದಲ ಹುಟ್ಟಿಸುವುದು ಅಸ್ಥಿಪಂಜರ ಸಿಗಡಿ, ಅಂದರೆ ಕ್ಯಾಪ್ರೆಲಿಡ್. ಅದೂ ಕಡ್ಡಿಯಂತೆ ತೆಳ್ಳಗಿರುತ್ತದೆ. ಅದೂ ಪಾಚಿ, ಗಿಡದಂತೆ ಕಾಣುವ ಪುಟ್ಟ ಕಡಲ ಪ್ರಾಣಿಗಳಾದ ಹೈಡ್ರಾಯ್ಡ್‌ಗಳ ಮೇಲೇ ಇರುತ್ತದೆ. ಆದರೆ ಅದಕ್ಕೆ ತಲೆಯ ಮೇಲೆ ಎರಡು ಜೋಡಿ ಮೀಸೆಗಳಿವೆ. ಹಿಂಗಾಲುಗಳಿಂದ ಹಿಡಿದುಕೊಂಡು ಮೈಯನ್ನು ನೆಟ್ಟಗೆ ಎತ್ತಿ ನಿಲ್ಲುತ್ತದೆ, ಬಾಗಿ ನಮಸ್ಕಾರ ಮಾಡುವಂತೆ ಆಡುತ್ತದೆ. ಕಡಲ ಜೇಡಕ್ಕೆ ಮೀಸೆಯೇ ಇಲ್ಲ. ಅದರ ಕಾಲುಗಳು ಮೈಯ ಎರಡೂ ಪಕ್ಕದಿಂದ ಸಾಲಾಗಿ ಹೊರಡುತ್ತವೆ, ನಡಿಗೆ ತೀರಾ ನಿಧಾನ.

ಸಣ್ಣ ಬ್ರಿಟಲ್ ಸ್ಟಾರ್ ಕೂಡ ದೂರದಿಂದ ಮೋಸ ಮಾಡುತ್ತದೆ. ಅದಕ್ಕೆ ಸಾಮಾನ್ಯವಾಗಿ ಐದು ತೋಳು, ನಡುವೆ ದುಂಡು ಬಿಲ್ಲೆ. ತೋಳು ಹಾವಿನಂತೆ ಎಲ್ಲಿ ಬೇಕಾದರೂ ಬಳುಕುತ್ತದೆ. ಕಡಲ ಜೇಡದ ಕಾಲು ಗಂಟುಗಳಲ್ಲಿ ಮಾತ್ರ ಮಡಚುತ್ತದೆ. ಜೇಡ ಏಡಿಗೆ ಅಗಲವಾದ ಚಿಪ್ಪಿದೆ, ಹಾಗಾಗಿ ಹತ್ತಿರದಿಂದ ನೋಡಿದರೆ ಅನುಮಾನ ಉಳಿಯುವುದಿಲ್ಲ. ಅಲೆ ಬಡಿಯುವ ಬಂಡೆಗಳಲ್ಲಿ ನಿಜವಾದ ಜೇಡಗಳೂ ಇರುತ್ತವೆ. ಅವಕ್ಕೆ ಹಿಂದೆ ದೊಡ್ಡ ಹೊಟ್ಟೆ ಇರುತ್ತದೆ. ಕಡಲ ಜೇಡದ ಹೊಟ್ಟೆ ಬರೀ ಒಂದು ಮೋಟು ಕೊಳವೆ.

ಇನ್ನೂ ಅನುಮಾನವಿದ್ದರೆ ಸೊಂಡಿಲು ಹುಡುಕಿ. ಮುಂದೆ ಗಟ್ಟಿಯಾದ ಕೊಳವೆಯಂಥ ಸೊಂಡಿಲು, ಅದರ ತುದಿಯಲ್ಲಿ ಮೂರು ತುಟಿಗಳ ಬಾಯಿ. ಇದು ಸಿಕ್ಕಿದರೆ ಮುಂದಿನ ಹೆಜ್ಜೆಗೆ ಹೋಗಬಹುದು.

ಬೇಕಾದ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಕುಟುಂಬದವರೆಗೆ ಹೆಚ್ಚಿನ ಸಲ ತಲುಪಬಹುದು. ಕುಲ ಬೇಕಾದರೆ 10ರಿಂದ 40 ಪಟ್ಟಿನ ಸ್ಟೀರಿಯೋ ಮೈಕ್ರೋಸ್ಕೋಪ್ ಬೇಕು. ಪ್ರಭೇದ ಬೇಕಾದರೆ ಕೆಲವು ಅಂಗಗಳನ್ನು ಸ್ಲೈಡ್ ಮೇಲೆ ಗ್ಲಿಸರಿನ್‌ನಲ್ಲಿಟ್ಟು ಮಾಮೂಲಿ ಮೈಕ್ರೋಸ್ಕೋಪ್‌ನಲ್ಲಿ ನೋಡಬೇಕಾಗುತ್ತದೆ. ಜೊತೆಗೆ ಆಳವಿಲ್ಲದ ಗಾಜಿನ ತಟ್ಟೆ, ಮೆದು ತುದಿಯ ಚಿಮುಟ, ಸಣ್ಣ ಬಣ್ಣದ ಕುಂಚ, ಎರಡು ಸೂಜಿ, ಅಳತೆಪಟ್ಟಿ ಇರಲಿ. ತಟ್ಟೆಯ ಕೆಳಗೆ ಇಡಲು ಒಂದು ಕಪ್ಪು ಕಾಗದ, ಒಂದು ಬಿಳಿ ಕಾಗದ ಇಟ್ಟುಕೊಳ್ಳಿ. ಮಾಸಲು ಹಳದಿ ಬಣ್ಣದ ಪ್ರಾಣಿ ಬಿಳಿಯ ಮೇಲೆ ಮಾಯವಾಗುತ್ತದೆ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಪ್ರಾಣಿ ಜೀವಂತವಿದ್ದರೆ ಅದು ಬಂದ ಕಡಲ ನೀರಲ್ಲೇ ಇಡಿ. ಸಿಹಿನೀರು ಹಾಕಬೇಡಿ. ಅಲುಗಾಟ ಜಾಸ್ತಿಯಾದರೆ ತಟ್ಟೆಯನ್ನು ತಣ್ಣಗೆ ಮಾಡಿದರೆ ಸಾಕು, ಮಂಕಾಗುತ್ತದೆ. ಫೋಟೋ ತೆಗೆದು ಸಿಕ್ಕಿದ ಜಾಗಕ್ಕೇ ಬಿಟ್ಟುಬಿಡಬಹುದು. ಕಲ್ಲು ಎತ್ತಿದ್ದರೆ ಅದನ್ನು ಮೊದಲಿದ್ದಂತೆಯೇ ಮಗುಚಿ ಇಡಿ. ಅದರಡಿ ಬೇರೆ ಸಂಸಾರಗಳೂ ಇರುತ್ತವೆ. ಮಾದರಿ ತೆಗೆದುಕೊಳ್ಳುವುದಾದರೆ ಆ ಕರಾವಳಿಯ ನಿಯಮ ಮೊದಲು ತಿಳಿದುಕೊಳ್ಳಿ.

ಇಟ್ಟುಕೊಳ್ಳುವ ಮಾದರಿಯನ್ನು ಎಥನಾಲ್‌ನಲ್ಲಿ ಹಾಕಿ. ಡಿಎನ್‌ಎ ಪರೀಕ್ಷೆಯ ಯೋಚನೆ ಇದ್ದರೆ 95 ಶೇಕಡಾದ್ದೇ ಒಳ್ಳೆಯದು. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಆದರೆ ನೇರವಾಗಿ ಎಥನಾಲ್‌ಗೆ ಹಾಕಿದರೆ ಪ್ರಾಣಿ ಮುದುಡಿಕೊಳ್ಳುತ್ತದೆ, ಆಮೇಲೆ ಕಾಲು ಬಿಡಿಸಲು ಹೋದರೆ ಮುರಿಯುತ್ತವೆ. ಸುಮಾರು 7 ಶೇಕಡಾ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣವನ್ನು ಕಡಲ ನೀರಿಗೆ ಬೆರೆಸಿ ಅದರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಅರಿವು ತಪ್ಪಿ ಸಡಿಲವಾಗುತ್ತದೆ. ಆಮೇಲೆ ಎಥನಾಲ್.

ಮುಂದೆ ಯಾವುದು, ಹಿಂದೆ ಯಾವುದು

ನಗಬೇಡಿ. ಸೊಂಡಿಲನ್ನು ಬಾಲ ಅಂದುಕೊಂಡು ಪ್ರಾಣಿಯನ್ನು ತಿರುಗಾಮುರುಗಾ ನೋಡಿದವರು ಬಹಳ ಜನ ಇದ್ದಾರೆ. ಎರಡು ತುದಿಯಲ್ಲೂ ಕೊಳವೆಯಂಥದ್ದೇ ಇರುವುದರಿಂದ ಹಾಗಾಗುತ್ತದೆ. ಸೊಂಡಿಲು ಸಾಮಾನ್ಯವಾಗಿ ದಪ್ಪ, ಉದ್ದ. ಹೊಟ್ಟೆ ಸಣ್ಣದು, ಅದಕ್ಕೆ ಯಾವ ಅಂಗವೂ ಅಂಟಿಕೊಂಡಿರುವುದಿಲ್ಲ.

ದಿಕ್ಕು ತಿಳಿಯಲು ನಂಬಬಹುದಾದ ಗುರುತು ಕಣ್ಣಿನ ದಿಬ್ಬ. ತಲೆಯ ಮೇಲ್ಭಾಗದಲ್ಲಿ ಒಂದು ಸಣ್ಣ ಗುಬ್ಬಿ, ಅಂದರೆ ಉಬ್ಬು, ಎದ್ದಿರುತ್ತದೆ. ಅದರ ಸುತ್ತ ನಾಲ್ಕು ಸರಳ ಕಣ್ಣುಗಳು, ಕಪ್ಪು ಅಥವಾ ಕಂದು ಚುಕ್ಕೆಗಳಂತೆ. ಕೋಟೆಯ ಬುರುಜಿನಿಂದ ನಾಲ್ಕು ದಿಕ್ಕಿಗೂ ಕಾವಲು ಕಾದಂತೆ. ದಿಬ್ಬ ಇರುವ ಕಡೆ ಮುಂಭಾಗ ಮತ್ತು ಮೇಲ್ಭಾಗ. ಆಳದಲ್ಲಿರುವ ಹಲವು ಪ್ರಭೇದಗಳಲ್ಲಿ ಕಣ್ಣಿನ ಬಣ್ಣವಾಗಲಿ ಕಣ್ಣೇ ಆಗಲಿ ಇರುವುದಿಲ್ಲ. ಹೆಚ್ಚಿನವುಗಳಲ್ಲಿ ದಿಬ್ಬ ಮಾತ್ರ ಉಳಿದಿರುತ್ತದೆ.

ಈಗ ಮೈಯನ್ನು ಮುಂದಿನಿಂದ ಹಿಂದಕ್ಕೆ ಓದಿ. ಸೊಂಡಿಲು. ಅದರ ಹಿಂದೆ ತಲೆ. ಮೈಯ ಮೊದಲ ಖಂಡ ಇದಕ್ಕೇ ಅಂಟಿಕೊಂಡಿದೆ. ಆಮೇಲೆ ಉಳಿದ ಖಂಡಗಳು. ಪ್ರತಿ ಖಂಡದಿಂದ ಎರಡೂ ಪಕ್ಕಕ್ಕೆ ಒಂದೊಂದು ಚಾಚು ಹೊರಡುತ್ತದೆ, ಕಾಲು ಆ ಚಾಚಿನ ತುದಿಗೆ ಕೂಡಿಕೊಂಡಿರುತ್ತದೆ. ಇದನ್ನು ಪಕ್ಕಚಾಚು ಅನ್ನೋಣ. ಕೊನೆಯಲ್ಲಿ ಹೊಟ್ಟೆ.

ಕಾಲಿನ ಲೆಕ್ಕ, ಬೇಗ ಮುಗಿಸಿ

ಕಾಲು ಎಣಿಸುವ ಬದಲು ಪಕ್ಕಚಾಚುಗಳನ್ನು ಎಣಿಸಿ. ಕಾಲು ಉದುರುತ್ತದೆ, ಚಾಚು ಉದುರುವುದಿಲ್ಲ. ನಾಲ್ಕು ಜೋಡಿ ಇದ್ದರೆ ಮಾಮೂಲು. ಒಂದು ಕಾಲು ಉಳಿದವಕ್ಕಿಂತ ತೀರಾ ಚಿಕ್ಕದಿದ್ದರೆ ಕಳೆದುಹೋದದ್ದು ಮತ್ತೆ ಬೆಳೆಯುತ್ತಿದೆ ಎಂದರ್ಥ. ಇವು ಕಾಲು ಮಾತ್ರವಲ್ಲ, ಅದಕ್ಕಿಂತ ಜಾಸ್ತಿಯನ್ನೂ ಬೆಳೆಸಿಕೊಳ್ಳುತ್ತವೆ. ಪಿಕ್ನೊಗೋನಮ್ ಲಿಟೊರೇಲ್‌ನ ಮರಿಗಳು ಕತ್ತರಿಸಿದ ಹಿಂಬದಿಯ ಮೈಯನ್ನೇ ಮತ್ತೆ ಬೆಳೆಸಿಕೊಂಡದ್ದು 2023ರಲ್ಲಿ ವರದಿಯಾಯಿತು.

ಮೂರೇ ಜೋಡಿ ಇದ್ದರೆ, ಅಥವಾ ನಾಲ್ಕನೆಯದು ಬರೀ ಮೊಳಕೆಯಂತಿದ್ದರೆ ಅದು ಮರಿ. ಮೊಟ್ಟೆಯಿಂದ ಬರುವ ಪ್ರೊಟೊನಿಂಫಾನ್ ಅನ್ನುವ ಲಾರ್ವಾಕ್ಕೆ ಇರುವುದೇ ಮೂರು ಜೋಡಿ ಅಂಗ. ನಡೆಯುವ ಕಾಲುಗಳು ಆಮೇಲೆ ಜೋಡಿ ಜೋಡಿಯಾಗಿ ಹಿಂದಕ್ಕೆ ಸೇರಿಕೊಳ್ಳುತ್ತವೆ.

ಐದು ಜೋಡಿ ಇದ್ದರೆ ಇನ್ನೊಮ್ಮೆ ಎಣಿಸಿ. ಆಗಲೂ ಐದೇ ಬಂದರೆ ನಿಮ್ಮ ಕೈಗೆ ಸಿಕ್ಕಿದ್ದು ಅಪರೂಪದ್ದು. ಹತ್ತು ಕಾಲಿನ ಡೆಕೊಲೊಪೋಡಾ ಆಸ್ಟ್ರಾಲಿಸ್ ಅನ್ನು ಜೇಮ್ಸ್ ಏಟ್ಸ್ ಎಂಬವರು ಅಂಟಾರ್ಕ್ಟಿಕಾ ಬಳಿಯ ಸೌತ್ ಶೆಟ್ಲೆಂಡ್ ದ್ವೀಪಗಳಿಂದ ತಂದು 1835ರಲ್ಲೇ ವರ್ಣಿಸಿದ್ದರು. ಅದನ್ನು ಹೆಚ್ಚು ಜನ ಗಣನೆಗೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ದಕ್ಷಿಣ ಧ್ರುವಕ್ಕೆ ಹೋದ ತಂಡಗಳಿಗೆ ಹತ್ತು ಕಾಲಿನವು ಮತ್ತೆ ಸಿಕ್ಕಿದವು. ಹನ್ನೆರಡು ಕಾಲಿನದ್ದೂ ಇದೆ: ಡೋಡೆಕೊಲೊಪೋಡಾ ಮಾಸೊನಿ, 1933ರಲ್ಲಿ ಹೆಸರು ಪಡೆದದ್ದು. ಇವು ಬಹುಪಾಲು ದಕ್ಷಿಣ ಧ್ರುವದ ಸುತ್ತಿನವು. ಹಾಗಂತ ಹತ್ತು ಕಾಲಿನವೆಲ್ಲ ಒಂದೇ ಕುಟುಂಬ ಅಂದುಕೊಳ್ಳಬೇಡಿ. ಪೆಂಟಾನಿಂಫಾನ್ ಒಂದು ಕುಟುಂಬ, ಪೆಂಟಾಪಿಕ್ನಾನ್ ಇನ್ನೊಂದು, ಡೆಕೊಲೊಪೋಡಾ ಮತ್ತೊಂದು. ಬೇರೆ ಬೇರೆ ಮನೆಗಳಲ್ಲಿ ಒಂದು ಜೋಡಿ ಕಾಲು ಹೆಚ್ಚಾಗಿದೆ, ಅಷ್ಟೇ. ಕಾಲಿನ ಲೆಕ್ಕದಿಂದ ಕುಟುಂಬ ಹೇಳಲಾಗದು ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಮೂತಿಯ ಸುತ್ತಲಿನ ಮೂರು ಜೋಡಿ

ಇಲ್ಲಿ ನಿಧಾನವಾಗಿ. ಬೇಕಾದರೆ ಇಡೀ ಗಂಟೆ ಇದಕ್ಕೇ ಕೊಡಿ.

ಮೊದಲ ಜೋಡಿ ಚೆಲಿಫೋರ್. ನಾನು ಇದನ್ನು ಇಕ್ಕಳಗೈ ಅಂತೀನಿ. ತಲೆಯ ಮುಂಭಾಗದಿಂದ, ಸೊಂಡಿಲಿನ ಮೇಲುಗಡೆ ಹೊರಡುತ್ತದೆ. ಬುಡದಲ್ಲಿ ಒಂದು ಅಥವಾ ಎರಡು ಖಂಡದ ಹಿಡಿ, ತುದಿಯಲ್ಲಿ ಇಕ್ಕಳ. ಇಕ್ಕಳದ ಒಂದು ಬೆರಳು ಅಲುಗುತ್ತದೆ, ಇನ್ನೊಂದು ಅಲುಗುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಮೂರು. ಇಕ್ಕಳಗೈ ಇದೆಯಾ? ಇದ್ದರೆ ಅದರ ಇಕ್ಕಳ ಕೆಲಸ ಮಾಡುವಂಥದ್ದಾ, ಅಥವಾ ಬರೀ ಗುಂಡಗಿನ ಮೋಟಾ? ಬೆರಳುಗಳ ಒಳ ಅಂಚಿನಲ್ಲಿ ಹಲ್ಲುಗಳಿವೆಯಾ? ಮೇಲಿನಿಂದ ಮಾತ್ರ ನೋಡಿ ತೀರ್ಮಾನಿಸಬೇಡಿ. ಇಕ್ಕಳ ಸೊಂಡಿಲಿನ ಮೇಲೆ ಮಲಗಿ ಅದರ ಜೊತೆ ಒಂದಾದಂತೆ ಕಾಣಬಹುದು. ಪಕ್ಕದಿಂದ ನೋಡಿದರೆ ಬೇರೆಯಾಗುತ್ತದೆ.

ಎರಡನೆಯ ಜೋಡಿ ಪಾಲ್ಪ್. ತಡಕುಗೈ ಅನ್ನಬಹುದು, ಯಾಕೆಂದರೆ ತಡಕಿ ತಿಳಿಯುವುದೇ ಅದರ ಕೆಲಸ. ಸೊಂಡಿಲಿನ ಬುಡದ ಎರಡೂ ಪಕ್ಕದಲ್ಲಿರುತ್ತದೆ. ಇಕ್ಕಳ ಇರುವುದಿಲ್ಲ, ತುದಿಯ ಖಂಡಗಳಲ್ಲಿ ರೋಮ ಜಾಸ್ತಿ. ಇದರ ಖಂಡಗಳನ್ನು ಒಂದೊಂದಾಗಿ ಎಣಿಸಿ ಬರೆದುಕೊಳ್ಳಿ. ಐದಾ, ಎಂಟಾ, ಒಂಬತ್ತಾ ಅನ್ನುವುದು ಕುಲವನ್ನೇ ಬದಲಿಸುತ್ತದೆ. ತುದಿಯ ಪುಟ್ಟ ಖಂಡಗಳು ಒಂದರೊಳಗೊಂದು ಸೇರಿದಂತೆ ಕಾಣುತ್ತವೆ, ಹಾಗಾಗಿ ಬುಡದಿಂದ ಒಮ್ಮೆ, ತುದಿಯಿಂದ ಒಮ್ಮೆ ಎಣಿಸುವುದು ಒಳ್ಳೆಯದು. ಎರಡು ಲೆಕ್ಕ ಹೊಂದದಿದ್ದರೆ ಇನ್ನೊಂದು ಪಕ್ಕದ್ದನ್ನು ನೋಡಿ.

ಮೂರನೆಯದು ಓವಿಜರ್, ಮೊಟ್ಟೆಗಾಲು. ಇದು ತಲೆಯ ಕೆಳಭಾಗದಲ್ಲಿ, ಮೊದಲ ಜೋಡಿ ನಡೆಗಾಲಿನ ಮುಂದೆ ಮಡಚಿಕೊಂಡಿರುತ್ತದೆ. ಕಡಲ ಜೇಡಗಳಿಗೇ ವಿಶೇಷವಾದ ಅಂಗ ಇದು. ಬಹುಪಾಲು ಪ್ರಭೇದಗಳಲ್ಲಿ ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡೇ ಅವನ್ನು ಉಂಡೆಗಳಾಗಿ ಅಂಟಿಸಿ, ಈ ಕಾಲುಗಳಿಗೆ ಬಳೆಯಂತೆ ಸುತ್ತಿಕೊಂಡು ಹೊತ್ತು ತಿರುಗುತ್ತದೆ. ದೈತ್ಯ ಕೊಲೊಸೆಂಡೀಸ್‌ಗಳಲ್ಲಿ ಮೊಟ್ಟೆ ಹೊತ್ತ ಗಂಡನ್ನು ಯಾರೂ ಕಂಡಿರಲೇ ಇಲ್ಲ. ಅಂಟಾರ್ಕ್ಟಿಕಾದ ಕೊಲೊಸೆಂಡೀಸ್ ಮೆಗಲೋನಿಕ್ಸ್ ಮೊಟ್ಟೆಗಳನ್ನು ಕಲ್ಲಿಗೆ ಅಂಟಿಸಿ ಬಿಡುತ್ತದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಮೊಟ್ಟೆಗಾಲನ್ನು ನೋಡಲು ಪ್ರಾಣಿಯನ್ನು ಅಂಗಾತ ಮಾಡಲೇಬೇಕು. ಮೇಲಿನಿಂದ ತೆಗೆದ ಒಂದೇ ಫೋಟೋ ಕಳಿಸಿ ಹೆಸರು ಕೇಳಿದರೆ ಯಾರಿಗೂ ಹೇಳಲಾಗದಿರುವುದು ಇದಕ್ಕೇ. ನೋಡಬೇಕಾದದ್ದು: ಇದೆಯೋ ಇಲ್ಲವೋ, ಎಷ್ಟು ಖಂಡ, ತುದಿಯಲ್ಲಿ ಉಗುರಿದೆಯಾ, ಕೊನೆಯ ನಾಲ್ಕು ಖಂಡಗಳಲ್ಲಿ ಗರಗಸದ ಅಂಚಿನ ಮುಳ್ಳುಗಳಿವೆಯಾ. ಈ ಕೊನೆಯ ನಾಲ್ಕು ಖಂಡ ಕೊಕ್ಕೆಯಂತೆ ಬಾಗಿರುತ್ತವೆ. ಮೈ, ಕಾಲು ಉಜ್ಜಿ ಶುಚಿ ಮಾಡಿಕೊಳ್ಳುವ ಬ್ರಷ್ ಇದು.

ಇದೆ, ಇಲ್ಲ: ಕುಟುಂಬದ ಕಡೆಗೆ

ಈಗ ಕಾಗದದ ಮೇಲೆ ಮೂರು ಸಾಲು ಬರೆದುಕೊಳ್ಳಿ: ಇಕ್ಕಳಗೈ, ತಡಕುಗೈ, ಮೊಟ್ಟೆಗಾಲು. ಪ್ರತಿಯೊಂದರ ಮುಂದೆ ಕಂಡದ್ದನ್ನು ಬರೆಯಿರಿ.

ಕೆಲಸ ಮಾಡುವ ಇಕ್ಕಳವೂ ಇದೆ, ಐದು ಖಂಡದ ತಡಕುಗೈಯೂ ಇದೆ, ಹತ್ತು ಖಂಡದ ಮೊಟ್ಟೆಗಾಲು ಗಂಡು ಹೆಣ್ಣು ಎರಡರಲ್ಲೂ ಇದೆ ಅಂದರೆ ಅದು ನಿಂಫಾನ್ ಬಳಗ. 200ಕ್ಕೂ ಹೆಚ್ಚು ಪ್ರಭೇದಗಳಿರುವ, ಈ ಗುಂಪಿನಲ್ಲೇ ಅತಿ ದೊಡ್ಡ ಕುಲ ಇದು. ತೆಳು ಮೈ, ಉದ್ದ ಕಾಲು, ಇಕ್ಕಳದ ಬೆರಳುಗಳಲ್ಲಿ ಸಾಲು ಹಲ್ಲು. ಕುಲ ಗುರುತಿಸುವುದು ಎಷ್ಟು ಸುಲಭವೋ ಪ್ರಭೇದ ಗುರುತಿಸುವುದು ಅಷ್ಟೇ ತಲೆನೋವು.

ಇಕ್ಕಳ ಇದೆ, ತಡಕುಗೈ ಇಲ್ಲ. ಇಲ್ಲಿ ದಾರಿ ಕವಲೊಡೆಯುತ್ತದೆ. ತಡಕುಗೈ ಇರಬೇಕಾದ ಜಾಗದಲ್ಲಿ ಒಂದೇ ಖಂಡದ ಪುಟ್ಟ ಗುಬ್ಬಿ ಉಳಿದಿದ್ದರೆ ಪಲೆನೊಪ್ಸಿಸ್. ಗುಬ್ಬಿಯೂ ಇಲ್ಲದೆ, ಹತ್ತು ಖಂಡದ ಮೊಟ್ಟೆಗಾಲು ಎರಡೂ ಲಿಂಗದಲ್ಲಿ ಇದ್ದರೆ ಕ್ಯಾಲಿಪಲೀನ್‌ನ ಕುಟುಂಬ. ಇವುಗಳಲ್ಲಿ ಹಲವಕ್ಕೆ ಎದ್ದು ಕಾಣುವ ಕುತ್ತಿಗೆ ಇರುತ್ತದೆ. ಮೊಟ್ಟೆಗಾಲು ಗಂಡಿನಲ್ಲಿ ಮಾತ್ರ ಇದ್ದು, ಖಂಡಗಳೂ ಕಡಿಮೆ ಇದ್ದರೆ ಫಾಕ್ಸಿಕಿಲಿಡಿಯಮ್‌ನ ಕುಟುಂಬ. ಐದು ಖಂಡ ಇದ್ದರೆ ಫಾಕ್ಸಿಕಿಲಿಡಿಯಮ್, ಆರು ಇದ್ದರೆ ಅನೊಪ್ಲೊಡ್ಯಾಕ್ಟಿಲಸ್. ಬೆಚ್ಚಗಿನ ಸಮುದ್ರಗಳ ದಡದಲ್ಲಿ ಹುಡುಕುವವರಿಗೆ ಈ ಎರಡನೆಯದು ಬಹಳ ಸಲ ಎದುರಾಗುತ್ತದೆ.

ಇಕ್ಕಳಗೈ ಇದೆ, ಆದರೆ ತುದಿಯಲ್ಲಿ ಇಕ್ಕಳವಿಲ್ಲ, ಬರೀ ಮೋಟು. ತಡಕುಗೈ ಉದ್ದವಾಗಿದೆ. ಹಾಗಿದ್ದರೆ ಹೆಚ್ಚಾಗಿ ಅಮೊಥಿಯಾ ಕುಟುಂಬ. ಇದರಲ್ಲಿ ಅಕೀಲಿಯಾ ತೀರಾ ಸಾಮಾನ್ಯ: ಪಕ್ಕಚಾಚುಗಳು ಒತ್ತೊತ್ತಾಗಿ ಸೇರಿ ಮೈ ದುಂಡು ಬಿಲ್ಲೆಯಂತೆ, ತಡಕುಗೈಯಲ್ಲಿ ಎಂಟು ಖಂಡ. ಟ್ಯಾನಿಸ್ಟೈಲಮ್ ಕೂಡ ದುಂಡಗೇ ಇರುತ್ತದೆ. ಆದರೆ ಅದರ ಇಕ್ಕಳಗೈ ಒಂದೇ ಖಂಡದ ಮೊಳಕೆ, ತಡಕುಗೈಯ ಖಂಡಗಳೂ ಎಂಟಕ್ಕಿಂತ ಕಡಿಮೆ. ಮೈ ಉದ್ದವಾಗಿ, ಪಕ್ಕಚಾಚುಗಳು ದೂರ ದೂರ ಇದ್ದು, ಸೊಂಡಿಲು ಹೂಜಿಯಂತೆ ಉಬ್ಬಿ ಕೆಳಕ್ಕೆ ಬಾಗಿದ್ದರೆ ಅಸ್ಕೊರಿಂಕಸ್ ಕಡೆಗೆ ನೋಡಿ.

ಇಕ್ಕಳಗೈ ಇಲ್ಲವೇ ಇಲ್ಲ, ತಡಕುಗೈ ಮಾತ್ರ ಇದೆ. ಸೊಂಡಿಲು ಮೈಯಷ್ಟೇ ಉದ್ದ ಅಥವಾ ಅದಕ್ಕೂ ಉದ್ದ, ಪ್ರಾಣಿ ದೊಡ್ಡದು ಅಂದರೆ ಕೊಲೊಸೆಂಡೀಸ್. ಪ್ರಾಣಿ ತೀರಾ ಚಿಕ್ಕದು, ಸೊಂಡಿಲು ಪಿಪೆಟ್‌ನಂತೆ ಸಣಕಲು, ಅದರ ಮೇಲೆ ಉಂಗುರ ಉಂಗುರದ ಗೆರೆ ಅಂದರೆ ಆಸ್ಟ್ರೊಡೆಕಸ್. ಇವೆರಡನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೊಲೊಸೆಂಡೀಸ್ ಕುಟುಂಬದಲ್ಲಿ ಒಂದು ತರಲೆ ಇದೆ: ಹತ್ತು, ಹನ್ನೆರಡು ಕಾಲಿನ ಡೆಕೊಲೊಪೋಡಾ ಮತ್ತು ಡೋಡೆಕೊಲೊಪೋಡಾ ಇಕ್ಕಳಗೈಯನ್ನು ದೊಡ್ಡವಾದ ಮೇಲೂ ಉಳಿಸಿಕೊಳ್ಳುತ್ತವೆ.

ಇಕ್ಕಳಗೈಯೂ ಇಲ್ಲ, ತಡಕುಗೈಯೂ ಇಲ್ಲ, ಮುಂದೆ ಬರೀ ಸೊಂಡಿಲು. ಎರಡೇ ಆಯ್ಕೆ. ಸಣಕಲಾಗಿ, ಉದ್ದ ಕಾಲಿನದ್ದಾದರೆ ಎಂಡೀಸ್. ಗಂಡಿಗೆ ಏಳು ಖಂಡದ ಮೊಟ್ಟೆಗಾಲು. ಗಿಡ್ಡವಾಗಿ, ದಪ್ಪ ಕಾಲಿನದ್ದಾಗಿ, ಕವಚ ಒರಟಾಗಿದ್ದರೆ ಪಿಕ್ನೊಗೋನಮ್. ಇದು ಹೆಚ್ಚಾಗಿ ಕಡಲ ಹೂವುಗಳ, ಅಂದರೆ ಸೀ ಅನೆಮನಿಗಳ ಬುಡದಲ್ಲಿ ಸಿಗುತ್ತದೆ. ಸೊಂಡಿಲು ಚುಚ್ಚಿ ರಸ ಹೀರುತ್ತಾ ಕೂತಿರುತ್ತದೆ. ಪಿಕ್ನೊಗೋನಮ್ ಲಿಟೊರೇಲ್‌ಗೆ 1762ರಲ್ಲೇ ಹೆಸರು ಬಿದ್ದಿತ್ತು.

"ಇಲ್ಲ" ಅಂದದ್ದನ್ನು ಮತ್ತೆ ನೋಡಿ

ಮೇಲಿನದ್ದೆಲ್ಲ ಬೆಳೆದ ಪ್ರಾಣಿಗೆ ಮಾತ್ರ. ನಾನು ಒಮ್ಮೆ ದುಂಡು ಮೈಯ ಪುಟ್ಟದೊಂದರಲ್ಲಿ ಚಂದದ ಇಕ್ಕಳ ಕಂಡು, ಅಕೀಲಿಯಾ ಅಲ್ಲವೇ ಅಲ್ಲ ಎಂದು ತಳ್ಳಿಹಾಕಿದ್ದೆ. ಅದು ಅಕೀಲಿಯಾದ ಮರಿಯೇ ಆಗಿತ್ತು. ಈ ಕುಟುಂಬದ ಮರಿಗಳಿಗೆ ಇಕ್ಕಳ ಇರುತ್ತದೆ, ದೊಡ್ಡದಾದಾಗ ಕವಚ ಕಳಚಿ ಮೋಟಾಗುತ್ತದೆ. ಎಂಡೀಸ್, ಪಿಕ್ನೊಗೋನಮ್‌ಗಳ ಲಾರ್ವಾಗಳಿಗೂ ಇಕ್ಕಳ ಇದೆ. ಮೊಟ್ಟೆಗಾಲಿನದ್ದು ಇದಕ್ಕೆ ಉಲ್ಟಾ: ಅದು ಬೆಳೆಯುವುದೇ ತಡವಾಗಿ.

ಹಾಗಾದರೆ ಬೆಳೆದದ್ದು ಅಂತ ಹೇಗೆ ಗೊತ್ತು? ನಡೆಗಾಲಿನ ಎರಡನೆಯ ಖಂಡದ ಕೆಳಬದಿ ನೋಡಿ. ಅಲ್ಲಿ ಸಣ್ಣ ರಂಧ್ರ ಇದ್ದರೆ ಅದು ಜನನರಂಧ್ರ, ಪ್ರಾಣಿ ಬೆಳೆದಿದೆ. ಹೆಣ್ಣಿನಲ್ಲಿ ರಂಧ್ರ ದೊಡ್ಡದು, ಸಾಮಾನ್ಯವಾಗಿ ಹೆಚ್ಚು ಕಾಲುಗಳಲ್ಲಿರುತ್ತದೆ. ಗಂಡಿನಲ್ಲಿ ಚಿಕ್ಕದು, ಹಲವು ಸಲ ಹಿಂದಿನ ಕಾಲುಗಳಲ್ಲಿ ಮಾತ್ರ. ಇನ್ನೂ ಸುಲಭದ ಗುರುತುಗಳಿವೆ. ಮೊಟ್ಟೆಯುಂಡೆ ಹೊತ್ತಿದ್ದರೆ ಗಂಡು. ಕಾಲಿನ ತೊಡೆಭಾಗ ಉಬ್ಬಿ, ಒಳಗೆ ದುಂಡು ಮೊಟ್ಟೆಗಳು ಸಾಲಾಗಿ ಕಂಡರೆ ಹೆಣ್ಣು. ಅದೇ ಕಾಲೊಳಗೆ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಅದು ಕರುಳು. ಹುಳ ಹೊಕ್ಕಿದೆ ಎಂದು ಗಾಬರಿಯಾಗಬೇಡಿ.

ಮುರಿದದ್ದನ್ನು ಪತ್ತೆಹಚ್ಚುವುದು ಹೀಗೆ: ಅಂಗ ಹುಟ್ಟಿನಿಂದಲೇ ಇಲ್ಲದಿದ್ದರೆ ಆ ಜಾಗದ ಕವಚ ನುಣ್ಣಗಿರುತ್ತದೆ. ಮುರಿದಿದ್ದರೆ ಗಾಯದ ಗುರುತು, ತೂತು ಅಥವಾ ಮೋಟು ಉಳಿದಿರುತ್ತದೆ. ಎಡ ಬಲ ಎರಡನ್ನೂ ಹೋಲಿಸಿ. ಮೈಗೆ ಕೆಸರು, ಪಾಚಿ ಅಂಟಿದ್ದರೆ ಮೊದಲು ಕುಂಚದಿಂದ ಮೆತ್ತಗೆ ಸವರಿ ತೆಗೆಯಿರಿ. ರೋಮ ಜಾಸ್ತಿ ಇರುವವು ಕಸದ ಉಂಡೆಯಂತೆಯೇ ಕಾಣುತ್ತವೆ.

ಈಗ ಕಾಲಿಗೆ ಬನ್ನಿ

ಕಾಲಿನ ಲೆಕ್ಕ ಉಪಯೋಗಕ್ಕೆ ಬಾರದಿದ್ದರೂ ಕಾಲಿನ ವಿವರ ಬಹಳ ಮುಖ್ಯ. ಪ್ರತಿ ಕಾಲಿಗೆ ಎಂಟು ಖಂಡ, ತುದಿಗೆ ಉಗುರು. ಮೈಯಿಂದ ಹೊರಕ್ಕೆ: ಮೂರು ಗಿಡ್ಡ ಕಾಕ್ಸಾ, ಆಮೇಲೆ ಉದ್ದದ ಫೀಮರ್, ಎರಡು ಟಿಬಿಯಾ, ನಂತರ ಟಾರ್ಸಸ್, ಕೊನೆಗೆ ಪ್ರೊಪೋಡಸ್.

ಮೊದಲು ಉಗುರು. ದೊಡ್ಡ ಉಗುರಿನ ಬುಡದಲ್ಲಿ ಎರಡು ಪುಟ್ಟ ಒತ್ತುಗುರುಗಳು ಇವೆಯಾ? ಇದ್ದರೆ ದೊಡ್ಡದರ ಎಷ್ಟು ಭಾಗ ಉದ್ದ? ಫಾಕ್ಸಿಕಿಲಿಡಿಯಮ್‌ನಲ್ಲಿ ಒತ್ತುಗುರು ಚೆನ್ನಾಗಿ ಬೆಳೆದಿರುತ್ತವೆ. ಅನೊಪ್ಲೊಡ್ಯಾಕ್ಟಿಲಸ್‌ನಲ್ಲಿ ಅತಿ ಚಿಕ್ಕವು, ಇಲ್ಲವೇ ಇರುವುದೇ ಇಲ್ಲ. ಎರಡೂ ಕುಲದ ಹೆಣ್ಣಿಗೆ ಮೊಟ್ಟೆಗಾಲು ಇಲ್ಲದ್ದರಿಂದ ಐದಾ ಆರಾ ಎಂದು ಎಣಿಸಲು ಏನೂ ಇರುವುದಿಲ್ಲ. ಆಗ ಕೈಹಿಡಿಯುವುದು ಈ ಉಗುರೇ.

ಪ್ರೊಪೋಡಸ್‌ನ ಒಳಬದಿ ನೋಡಿ. ಬುಡದಲ್ಲಿ ಹಿಮ್ಮಡಿಯಂತೆ ಉಬ್ಬಿ, ಅದರ ಮೇಲೆ ದೊಡ್ಡ ಮುಳ್ಳುಗಳಿರಬಹುದು. ಎಷ್ಟು ಮುಳ್ಳು ಎಂದು ಬರೆದುಕೊಳ್ಳಿ. ಅನೊಪ್ಲೊಡ್ಯಾಕ್ಟಿಲಸ್‌ನಲ್ಲಿ ಅಲ್ಲೇ ತುದಿಯ ಕಡೆ ತೆಳುವಾದ ಅಲಗಿನಂಥ ಪಟ್ಟಿಯೂ ಹಲವು ಸಲ ಇರುತ್ತದೆ. ಟಾರ್ಸಸ್ ಮತ್ತು ಪ್ರೊಪೋಡಸ್‌ಗಳ ಉದ್ದದ ಅನುಪಾತ ನಿಂಫಾನ್ ಪ್ರಭೇದಗಳನ್ನು ಬೇರ್ಪಡಿಸಲು ಬೇಕೇ ಬೇಕು.

ಗಂಡಾಗಿದ್ದರೆ ಫೀಮರ್‌ನ ಮೇಲೆ ಅಂಟುಗ್ರಂಥಿಯ ಬಾಯಿ ಹುಡುಕಿ. ಮೊಟ್ಟೆಗಳನ್ನು ಉಂಡೆ ಕಟ್ಟುವ ಅಂಟು ಬರುವುದು ಇಲ್ಲಿಂದ. ಒಂದೇ ಕೊಳವೆಯಾ, ಬಟ್ಟಲಿನಂಥದ್ದಾ, ಸಾಲಾಗಿ ಹಲವು ಸಣ್ಣ ತೂತುಗಳಾ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಹಲವು ಕುಲಗಳಲ್ಲಿ ಗಂಡಿಲ್ಲದೆ ಪ್ರಭೇದ ಹೇಳಲಾಗದು ಅನ್ನುವುದಕ್ಕೆ ಇದೇ ಕಾರಣ.

ಉಳಿದ ವಿವರ ಬೇಗ ಹೇಳುತ್ತೇನೆ. ಕಣ್ಣಿನ ದಿಬ್ಬ ಗಿಡ್ಡವೋ ಎತ್ತರವೋ, ತುದಿ ಚೂಪೋ ದುಂಡೋ. ಪಕ್ಕಚಾಚುಗಳ ನಡುವೆ ಎಷ್ಟು ಸಂದು. ಅವುಗಳ ಮೇಲೆ ಗುಬ್ಬಿ, ಮುಳ್ಳು ಇವೆಯಾ. ಹೊಟ್ಟೆ ಅಡ್ಡಕ್ಕಿದೆಯಾ, ಮೇಲಕ್ಕೆ ಎದ್ದಿದೆಯಾ. ಇವನ್ನು ಪಕ್ಕದಿಂದ ನೋಡಿ ಒಂದು ಒರಟು ಚಿತ್ರ ಬಿಡಿಸಿ. ಚೆನ್ನಾಗಿ ಬಿಡಿಸಲು ಬರದಿದ್ದರೂ ಪರವಾಗಿಲ್ಲ, ಬಿಡಿಸುವಾಗ ಕಣ್ಣು ತಾನಾಗಿಯೇ ನಿಧಾನವಾಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಜೀವಂತವಿದ್ದಾಗಿನ ಬಣ್ಣ ಬರೆದಿಡಿ, ಆದರೆ ಅದರ ಮೇಲೆ ಹೆಸರು ಕಟ್ಟಬೇಡಿ. ಎಥನಾಲ್‌ನಲ್ಲಿ ಬಣ್ಣ ಮಾಸಿಹೋಗುತ್ತದೆ. ಗುರುತಿಸುವ ಕೀಲಿಗಳು, ಅಂದರೆ ಹೆಜ್ಜೆ ಹೆಜ್ಜೆಯಾಗಿ ಹೆಸರಿಗೆ ಕರೆದೊಯ್ಯುವ ಪಟ್ಟಿಗಳು, ಹೆಚ್ಚಾಗಿ ಹಾಗೆ ಮಾಸಿದ ಮಾದರಿಗಳನ್ನೇ ನೋಡಿ ಬರೆದವು.

ಫೋಟೋ ಮತ್ತು ಅಳತೆ

ಇನ್ನೊಬ್ಬರ ಸಹಾಯ ಕೇಳುವುದಾದರೆ ಕನಿಷ್ಠ ಐದು ಫೋಟೋ ಬೇಕು. ಪೂರ್ತಿ ಪ್ರಾಣಿ ಮೇಲಿನಿಂದ, ಪೂರ್ತಿ ಪ್ರಾಣಿ ಅಂಗಾತವಾಗಿ, ತಲೆ ಪಕ್ಕದಿಂದ, ಮೊಟ್ಟೆಗಾಲು ಹತ್ತಿರದಿಂದ, ಒಂದು ಕಾಲಿನ ತುದಿ ಉಗುರು ಕಾಣುವಂತೆ. ಅಳತೆಪಟ್ಟಿ ಜೊತೆಗಿರಲಿ. ಮೈಯ ಉದ್ದವನ್ನು ತಲೆಯ ಮುಂಅಂಚಿನಿಂದ ಕೊನೆಯ ಪಕ್ಕಚಾಚಿನ ತುದಿಯವರೆಗೆ ಅಳೆಯುವುದು ರೂಢಿ. ಸೊಂಡಿಲು, ಹೊಟ್ಟೆ ಬೇರೆಯಾಗಿ. ಕಾಲುಗಳ ಒಟ್ಟು ಹರವು ಕೇಳಲು ಚಂದ, ಆದರೆ ಮಡಚಿದ ಕಾಲಿನಿಂದ ಅದು ಸರಿಯಾಗಿ ಸಿಗುವುದಿಲ್ಲ.

ಒಂದನ್ನು ಪೂರ್ತಿ ಮಾಡಿ ನೋಡೋಣ

ಹೈಡ್ರಾಯ್ಡ್ ಗೊಂಚಲು ಅಲುಗಿಸಿದಾಗ ತಟ್ಟೆಗೆ ಒಂದು ಸಣಕಲು ಪ್ರಾಣಿ ಬಿತ್ತು ಅಂದುಕೊಳ್ಳಿ. ಪಕ್ಕಚಾಚು ನಾಲ್ಕು ಜೋಡಿ. ಒಂದು ಕಾಲು ಇಲ್ಲ, ಆದರೆ ಅದರ ಚಾಚು ಇದೆ. ಪಕ್ಕದಿಂದ ನೋಡಿದರೆ ಸೊಂಡಿಲಿನ ಮೇಲೆ ಇಕ್ಕಳಗೈ ಸಿಕ್ಕಿತು, ಬೆರಳುಗಳೂ ಇವೆ. ತಡಕುಗೈ ಇಲ್ಲ, ಆ ಜಾಗ ಎರಡೂ ಕಡೆ ನುಣ್ಣಗಿದೆ, ಗುಬ್ಬಿಯೂ ಇಲ್ಲ. ನಿಂಫಾನ್ ಅಲ್ಲ, ಪಲೆನೊಪ್ಸಿಸ್ ಅಲ್ಲ. ಅಂಗಾತ ಮಾಡಿದರೆ ಮೊಟ್ಟೆಗಾಲೂ ಇಲ್ಲ.

ಇಲ್ಲಿ ಅವಸರ ಬೇಡ. ಇದು ಫಾಕ್ಸಿಕಿಲಿಡಿಯಮ್ ಕುಟುಂಬದ ಹೆಣ್ಣಾಗಿರಬಹುದು, ಕ್ಯಾಲಿಪಲೀನ್ ಕುಟುಂಬದ ಮರಿಯೂ ಆಗಿರಬಹುದು. ಬೆಳಕನ್ನು ಕೆಳಗಿನಿಂದ ಬಿಟ್ಟರೆ ಫೀಮರ್‌ನಲ್ಲಿ ಮೊಟ್ಟೆಗಳು ಕಾಣುತ್ತವೆ. ಎರಡನೆಯ ಕಾಕ್ಸಾದಲ್ಲಿ ರಂಧ್ರವೂ ಇದೆ. ಅಲ್ಲಿಗೆ ಬೆಳೆದ ಹೆಣ್ಣು ಎಂದಾಯಿತು. ಬೆಳೆದ ಹೆಣ್ಣಿಗೂ ಮೊಟ್ಟೆಗಾಲು ಇಲ್ಲ ಅಂದರೆ ಕ್ಯಾಲಿಪಲೀನ್ ಬಿಟ್ಟುಹೋಯಿತು. ಉಗುರಿನ ಬುಡದಲ್ಲಿ ಒತ್ತುಗುರು 40 ಪಟ್ಟಿನಲ್ಲೂ ಕಂಡೂ ಕಾಣದಷ್ಟು ಚಿಕ್ಕದು. ಅನೊಪ್ಲೊಡ್ಯಾಕ್ಟಿಲಸ್.

ಪ್ರಭೇದ? ಅಂಟುಗ್ರಂಥಿ ನೋಡಲು ಗಂಡು ಬೇಕು. ಅದೇ ಗೊಂಚಲಿನಲ್ಲಿ ಇನ್ನೊಮ್ಮೆ ಹುಡುಕಿ. ಸಿಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ಊಹೆಯ ಪ್ರಭೇದದ ಹೆಸರು ಬರೆದಿಟ್ಟರೆ ಮುಂದೆ ನೋಡುವವರು ಅದನ್ನೇ ನಂಬುತ್ತಾರೆ.

ಚೀಟಿಯಲ್ಲಿ ಇಷ್ಟಿರಲಿ: ಅನೊಪ್ಲೊಡ್ಯಾಕ್ಟಿಲಸ್, ಪ್ರಭೇದ ಗೊತ್ತಾಗಿಲ್ಲ, ಬೆಳೆದ ಹೆಣ್ಣು, ಸಿಕ್ಕಿದ ಜಾಗ, ಆಳ, ತಾರೀಕು, ಹೈಡ್ರಾಯ್ಡ್ ಮೇಲೆ, ಗುರುತಿಸಿದವರ ಹೆಸರು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ. ಚೀಟಿಯನ್ನು ಶೀಶೆಯ ಹೊರಗೆ ಅಂಟಿಸದೆ ಒಳಗೇ ಹಾಕಿ. ಉದುರಿದ ಕಾಲು ತಟ್ಟೆಯಲ್ಲಿ ಎಲ್ಲಾದರೂ ಸಿಕ್ಕಿದರೆ ಅದನ್ನೂ ಅದೇ ಶೀಶೆಗೆ ಹಾಕಿಬಿಡಿ.